ಆಯ್ಕೆ ಪಟ್ಟಿಯಿಂದ ನೇಮಕಾತಿ ಆದೇಶದವರೆಗೆ: ಪೊಲೀಸ್ ವೆರಿಫಿಕೇಶನ್, ಸಿಂಧುತ್ವ, ಮೆಡಿಕಲ್

ಅಂತಿಮ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತೆಂದರೆ ನೌಕರಿ ಸಿಕ್ಕಿತೆಂದೇ ಮನೆಯವರು ಪೇಡೆ ಹಂಚುತ್ತಾರೆ. ಕೆಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗ) ಆಗಲಿ ಕೆಇಎ (ಪರೀಕ್ಷಾ ಪ್ರಾಧಿಕಾರ) ಆಗಲಿ ಮಾಡುವುದು ಆಯ್ಕೆ ಮಾತ್ರ. ಆದೇಶ ಕೊಡಬೇಕಾದ್ದು ಇಲಾಖೆಯ ನೇಮಕಾತಿ ಪ್ರಾಧಿಕಾರ. ಅಭ್ಯರ್ಥಿಯ ನಡತೆ, ಪೂರ್ವಾಪರ, ದೇಹದಾರ್ಢ್ಯ ಸರಿಯಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾದ ಮೇಲೆಯೇ ನೇಮಕ ಮಾಡಬೇಕೆಂದು 1977ರ ಕರ್ನಾಟಕ ಸಿವಿಲ್ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳು ಹೇಳುತ್ತವೆ. ಪಟ್ಟಿಗೂ ಆದೇಶಕ್ಕೂ ನಡುವೆ ತಿಂಗಳುಗಳು ಉರುಳುವುದು ಇದೇ ಕಾರಣಕ್ಕೆ.

ಇಲಾಖೆ ಒಂದೇ ಹೊತ್ತಿಗೆ ನಾಲ್ಕು ಕಡೆ ಪತ್ರ ಬರೆಯುತ್ತದೆ: ಪೊಲೀಸ್ ವರದಿಗೆ, ಜಾತಿ ಸಿಂಧುತ್ವಕ್ಕೆ (ಜಾತಿ ಪ್ರಮಾಣಪತ್ರ ಸರಿಯೇ ಎಂಬ ಪರಿಶೀಲನೆಗೆ), ವೈದ್ಯಕೀಯ ಪರೀಕ್ಷೆಗೆ, ಅಂಕಪಟ್ಟಿಗಳ ನೈಜತೆಗೆ. ನಾಲ್ಕೂ ಬಂದ ಮೇಲೆ ಆದೇಶ. ಮೂರು ಬಂದು ಒಂದು ಬಾಕಿ ಉಳಿದರೂ ಕಡತ ಕೇಸ್ ವರ್ಕರ್ ಮೇಜಿನ ಮೇಲೆಯೇ ಇರುತ್ತದೆ. ಮೀಸಲಾತಿಯಡಿ ಆಯ್ಕೆಯಾದವರಿಗೆ ಸಾಮಾನ್ಯವಾಗಿ ತಡವಾಗುವುದು ಸಿಂಧುತ್ವ, ಉಳಿದವರಿಗೆ ಪೊಲೀಸ್ ವರದಿ. ಎರಡರಲ್ಲೂ ಕಡತ ನಿಲ್ಲಲು ಮುಖ್ಯ ಕಾರಣ ಒಂದೇ: ನೀವು ಬರೆದುಕೊಟ್ಟದ್ದಕ್ಕೂ ಇನ್ನೊಂದು ಕಚೇರಿಯ ದಾಖಲೆಗೂ ತಾಳೆಯಾಗದಿರುವುದು.

ಮೊದಲು ಹೆಸರು ನೋಡಿಕೊಳ್ಳಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಮೂಲ. ಅದರಲ್ಲಿ ‘ಮಂಜುನಾಥ ಎಚ್’, ಆಧಾರ್‌ನಲ್ಲಿ ‘ಮಂಜುನಾಥ ಹನುಮಂತಪ್ಪ’, ಜಾತಿ ಪ್ರಮಾಣಪತ್ರದಲ್ಲಿ ‘ಮಂಜುನಾಥ ತಂದೆ ಹನಮಪ್ಪ’ ಎಂದಿದ್ದರೆ ಮೂರೂ ಒಬ್ಬರೇ ಎಂದು ನಿಮಗೆ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಇನಿಷಿಯಲ್ ಬಿಡಿಸಿ ಬರೆದದ್ದು, ತಂದೆಯ ಹೆಸರಿನ ಕಾಗುಣಿತ ಬದಲಾದದ್ದು ಇಂಥವಕ್ಕೆ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಸಾಮಾನ್ಯವಾಗಿ ನಡೆಯುತ್ತದೆ. ಜನ್ಮ ದಿನಾಂಕದ ವ್ಯತ್ಯಾಸಕ್ಕೆ ನಡೆಯುವುದಿಲ್ಲ. ಅಲ್ಲಿ ಎಸ್ಸೆಸ್ಸೆಲ್ಸಿಯನ್ನು ಹಿಡಿದು ಆಧಾರ್, ಪಾನ್ ತಿದ್ದಿಸಿಕೊಳ್ಳಬೇಕೇ ಹೊರತು ಆಧಾರ್ ಹಿಡಿದು ಎಸ್ಸೆಸ್ಸೆಲ್ಸಿ ತಿದ್ದಿಸಲು ಹೋಗಬಾರದು. ಪ್ರಕ್ರಿಯೆ ನಡೆಯುತ್ತಿರುವಾಗ ಮದುವೆಯಾದವರು ಆಧಾರ್‌ನಲ್ಲಿ ಅಡ್ಡಹೆಸರು ಬದಲಿಸಲು ಅವಸರ ಮಾಡುವುದು ಬೇಡ. ಕೆಲಸಕ್ಕೆ ಹಾಜರಾದ ಮೇಲೆ ಆದೀತು.

ಪೊಲೀಸ್ ವೆರಿಫಿಕೇಶನ್ ಹೇಗೆ ಓಡಾಡುತ್ತದೆ

ನೀವು ತುಂಬಿಕೊಟ್ಟ ದೃಢೀಕರಣ ನಮೂನೆಯನ್ನು ನೇಮಕಾತಿ ಪ್ರಾಧಿಕಾರವು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ನಗರವಾದರೆ ಪೊಲೀಸ್ ಆಯುಕ್ತರಿಗೆ ಕಳಿಸುತ್ತದೆ. ಅಲ್ಲಿಂದ ಅದು ನಿಮ್ಮ ವಿಳಾಸ ಬರುವ ಠಾಣೆಗೆ ಇಳಿಯುತ್ತದೆ. ಬೀಟ್ ಸಿಬ್ಬಂದಿ ಮನೆಗೆ ಬಂದೋ ಠಾಣೆಗೆ ಕರೆಸಿಯೋ ವಿಚಾರಿಸುತ್ತಾರೆ, ಅಕ್ಕಪಕ್ಕದವರನ್ನು ಕೇಳುತ್ತಾರೆ, ಠಾಣೆಯ ದಾಖಲೆ ನೋಡುತ್ತಾರೆ. ಆಮೇಲೆ ವರದಿ ಬಂದ ದಾರಿಯಲ್ಲೇ ಮೇಲೇರುತ್ತದೆ. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿ ಪಡೆಯುವ ಪೊಲೀಸ್ ಪ್ರಮಾಣಪತ್ರ ಬೇರೆ, ಇದು ಬೇರೆ. ಅದನ್ನು ತಂದು ಇಲಾಖೆಗೆ ಕೊಟ್ಟರೆ ಈ ವರದಿಯ ಕೆಲಸ ಮುಗಿಯುವುದಿಲ್ಲ.

ವರದಿ ತಡವಾಗಲು ದೊಡ್ಡ ಕಾರಣ ವಿಳಾಸ. ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಸ್ಥಳಗಳನ್ನೆಲ್ಲ ಬರೆಯಿರಿ ಎಂದು ಕೇಂದ್ರ ಸರ್ಕಾರದ ದೃಢೀಕರಣ ನಮೂನೆ ಕೇಳುತ್ತದೆ. ಬೇರೆ ನಮೂನೆಗಳಲ್ಲಿ ಅವಧಿ ಬೇರೆ ಇದ್ದೀತು, ಓದಿ ತುಂಬಿ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಎರಡು ಮೂರು ವರ್ಷ ಓದಿದವರು ‘ಅದೇನು ಮನೆಯೇ’ ಎಂದು ಊರಿನ ವಿಳಾಸ ಒಂದನ್ನೇ ಬರೆದುಬಿಡುತ್ತಾರೆ. ಊರಿಗೆ ಬಂದ ಪೊಲೀಸರಿಗೆ ಪಕ್ಕದ ಮನೆಯಜ್ಜ ‘ಆ ಹುಡುಗ ಊರಲ್ಲಿಲ್ಲ, ಹಬ್ಬಕ್ಕೆ ಬಂದು ಹೋಗ್ತಾನೆ’ ಅನ್ನುತ್ತಾನೆ. ಅವನು ಹೇಳಿದ್ದು ನಿಜವೇ. ‘ಅಭ್ಯರ್ಥಿಯು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ’ ಎಂಬ ಒಂದು ಸಾಲಿನ ವರದಿ ಇಲಾಖೆಗೆ ಹೋಗುತ್ತದೆ. ಅಲ್ಲಿಂದ ಮತ್ತೆ ನಿಮಗೆ ನೋಟಿಸು, ಹೊಸ ನಮೂನೆ, ಇನ್ನೊಂದು ಸುತ್ತು.

ಹೀಗಾಗದಿರಲು ಪ್ರತಿ ವಿಳಾಸಕ್ಕೂ ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್ ಕೋಡ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಎಂಬುದು, ಆ ಜಾಗ ಬರುವ ಠಾಣೆಯ ಹೆಸರು ಇಷ್ಟನ್ನೂ ಬರೆಯಿರಿ. ಬಡಾವಣೆಯ ಹೆಸರೇ ಠಾಣೆಯ ಹೆಸರಾಗಿರಬೇಕೆಂದಿಲ್ಲ, ವಿಚಾರಿಸಿಕೊಂಡು ಬರೆಯಿರಿ. ಬಾಡಿಗೆ ಕರಾರು, ಪಿಜಿ ರಸೀದಿ, ಹಾಸ್ಟೆಲ್ ವಾರ್ಡನ್ ಪತ್ರ ಏನಿದೆಯೋ ಅದರ ನಕಲು ಇಟ್ಟುಕೊಳ್ಳಿ. ಮನೆ ಮಾಲೀಕರಿಗೆ ಮೊದಲೇ ಒಂದು ಫೋನ್ ಮಾಡಿ ತಿಳಿಸಿ. ಏನೂ ಗೊತ್ತಿಲ್ಲದ ಮಾಲೀಕರು ಪೊಲೀಸರನ್ನು ಕಂಡೊಡನೆ ‘ನನಗೆ ಗೊತ್ತಿಲ್ಲಪ್ಪ’ ಎಂದುಬಿಡುವುದುಂಟು.

ಠಾಣೆಗೆ ಹೋಗುವಾಗ ಆಧಾರ್, ಮತದಾರರ ಚೀಟಿ, ರೇಷನ್ ಕಾರ್ಡ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇವುಗಳ ಮೂಲ ಮತ್ತು ಎರಡೆರಡು ಜೆರಾಕ್ಸ್, ನಾಲ್ಕು ಫೋಟೊ ಜತೆಗಿರಲಿ. ಪರಿಚಯ ಹೇಳುವ ನೆರೆಹೊರೆಯವರು ಇಬ್ಬರು ಸಿದ್ಧರಿದ್ದರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ. ‘ಚಹಾಪಾನಿ’ ಕೇಳಿದರೆ ರಸೀದಿ ಕೇಳಿ. ಸುಮ್ಮನಾಗದಿದ್ದರೆ ಲೋಕಾಯುಕ್ತ ಪೊಲೀಸರು ಇದ್ದಾರೆ.

ಕೇಸು ಇದ್ದರೆ

ಎಲ್ಲಕ್ಕಿಂತ ಹೆಚ್ಚು ನೌಕರಿ ಕಳೆಯುವುದು ದೃಢೀಕರಣ ನಮೂನೆಯ ಈ ಕಾಲಂ. ಅನೇಕ ಸಲ ಕಳೆಯುವುದು ಕೇಸಲ್ಲ, ಮುಚ್ಚಿಟ್ಟದ್ದು. ನಮೂನೆಯ ತಲೆಯ ಮೇಲೇ ಎಚ್ಚರಿಕೆ ಅಚ್ಚಾಗಿರುತ್ತದೆ: ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಸತ್ಯಾಂಶ ಮರೆಮಾಚಿದರೆ ಅದೇ ಅನರ್ಹತೆ.

ಪ್ರಶ್ನೆಗಳನ್ನು ಒಂದೊಂದಾಗಿ ಓದಿ. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ? ಮೊಕದ್ದಮೆ ಹೂಡಲಾಗಿತ್ತೇ? ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತೇ? ನ್ಯಾಯಾಲಯ ದಂಡ ಹಾಕಿತ್ತೇ? ಶಿಕ್ಷೆಯಾಗಿತ್ತೇ? ಯಾವುದಾದರೂ ಪರೀಕ್ಷೆಯಿಂದ ಡಿಬಾರ್ ಆಗಿದ್ದಿರೇ? ಈಗ ಕೇಸು ನಡೆಯುತ್ತಿದೆಯೇ? ಇವು ಬೇರೆ ಬೇರೆ ಪ್ರಶ್ನೆಗಳು. ‘ಎಂದಾದರೂ ಮೊಕದ್ದಮೆ ಹೂಡಲಾಗಿತ್ತೇ’ ಎಂದು ಕೇಳಿದಾಗ, ಖುಲಾಸೆಯಾಗಿ ಹತ್ತು ವರ್ಷವಾಗಿದ್ದರೂ ಉತ್ತರ ‘ಹೌದು’. ‘ಈಗ ನಡೆಯುತ್ತಿದೆಯೇ’ ಎಂದಾಗ ಮಾತ್ರ ‘ಇಲ್ಲ’. ‘ಮುಗಿದುಹೋದ ಕೇಸಲ್ಲವೇ’ ಎಂದು ಎರಡಕ್ಕೂ ‘ಇಲ್ಲ’ ಬರೆದವರೇ ಸಿಕ್ಕಿಬೀಳುವುದು. ಠಾಣೆಯ ದಾಖಲೆಯಲ್ಲಿ ಅದು ಅಳಿಸಿರುವುದಿಲ್ಲ.

ಹಳ್ಳಿಯ ಕಡೆ ಜನ ಕೇಸೆಂದೇ ಎಣಿಸದ ಕೆಲವು ಸಂಗತಿಗಳಿವೆ. ಬದುವಿನ ಜಗಳದಲ್ಲಿ ಎದುರಾಳಿ ಮನೆಮಂದಿಯನ್ನೆಲ್ಲ ಸೇರಿಸಿ ದೂರು ಕೊಟ್ಟು, ನಿಮ್ಮ ಹೆಸರು ಐದನೆಯದೋ ಆರನೆಯದೋ ಆರೋಪಿಯಾಗಿ ಕೂತಿರಬಹುದು. ಚುನಾವಣೆ, ಗಣೇಶನ ಹಬ್ಬದ ಹೊತ್ತಿಗೆ ಹಳೆಯ ಸಿಆರ್‌ಪಿಸಿ 107ರಡಿ (2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 126) ತಹಶೀಲ್ದಾರರ ಮುಂದೆ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆದುಕೊಟ್ಟಿರಬಹುದು. ಬೈಕ್ ಅಪಘಾತದಲ್ಲಿ ಚಾಲಕರಾಗಿ ನಿಮ್ಮ ಹೆಸರು ಇರಬಹುದು. ಎಲ್ಲಕ್ಕಿಂತ ಮೋಸ ಮಾಡುವುದು ಇಸ್ಪೀಟು. ದೀಪಾವಳಿಯ ರಾತ್ರಿ ದಾಳಿಯಾಗಿ, ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗಿ’ ಎಂದಾಗ ಎಲ್ಲರೂ ಕಟ್ಟಿ ಬಂದಿರುತ್ತಾರೆ. ತಪ್ಪೊಪ್ಪಿಕೊಂಡು ನ್ಯಾಯಾಲಯದಲ್ಲಿ ದಂಡ ಕಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಶಿಕ್ಷೆಯೇ. ದಂಡ ಇನ್ನೂರೇ ಇರಲಿ, ಬರೆಯಬೇಕು. ಚೆಕ್ ಬೌನ್ಸ್ ಕೂಡ ಕ್ರಿಮಿನಲ್ ಕೋರ್ಟಿನ ಕೇಸೇ ಎಂಬುದನ್ನು ಮರೆಯುವವರಿದ್ದಾರೆ.

ನಿಮ್ಮ ಮೇಲೆ ಏನಿದೆ ಎಂಬುದೇ ನಿಮಗೆ ಖಾತ್ರಿಯಿಲ್ಲವೇ? ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಜಿಲ್ಲೆ, ತಾಲ್ಲೂಕಿನ ನ್ಯಾಯಾಲಯ ಆರಿಸಿ ಕಕ್ಷಿದಾರರ ಹೆಸರಿನಿಂದ ಹುಡುಕಿ. ಹೆಸರಿನ ಕಾಗುಣಿತ ಎರಡು ಮೂರು ರೀತಿಯಲ್ಲಿ ಹಾಕಿ ನೋಡಬೇಕು, ತಂದೆಯ ಹೆಸರಲ್ಲೂ ನೋಡಬೇಕು. ಎಫ್‌ಐಆರ್ ಆಗಿ ಬಿ ರಿಪೋರ್ಟ್‌ನಲ್ಲಿ (ಸಾಕ್ಷ್ಯವಿಲ್ಲವೆಂದೋ ಸುಳ್ಳೆಂದೋ ಪೊಲೀಸರು ಕೊಡುವ ಮುಕ್ತಾಯ ವರದಿ) ಮುಗಿದದ್ದು ಅಲ್ಲಿ ಕಾಣದೇ ಇರಬಹುದು. ಅದಕ್ಕೆ ಠಾಣೆಯಲ್ಲೇ ಕೇಳುವುದು ಸರಿ. ಸಿಕ್ಕ ಕೇಸಿನ ಎಫ್‌ಐಆರ್, ದೋಷಾರೋಪಣೆ ಪಟ್ಟಿ, ತೀರ್ಪು ಇವುಗಳ ದೃಢೀಕೃತ ನಕಲಿಗೆ ನ್ಯಾಯಾಲಯದ ನಕಲು ಶಾಖೆಯಲ್ಲಿ ಅರ್ಜಿ ಹಾಕಿ. ಹಳೆಯ ಕಡತವಾದರೆ ದಾಖಲೆ ಕೊಠಡಿಯಿಂದ ತೆಗೆಸಬೇಕು, ವಾರಗಳು ಹಿಡಿಯುತ್ತವೆ. ಆಯ್ಕೆ ಪಟ್ಟಿ ಬರುವ ಮೊದಲೇ ಮಾಡಬಹುದಾದ ಕೆಲಸ ಇದು.

ಕಾಲಂನಲ್ಲಿ ‘ಹೌದು, ಪ್ರತ್ಯೇಕ ಹಾಳೆ ಲಗತ್ತಿಸಿದೆ’ ಎಂದು ಬರೆದು ಹಾಳೆಯಲ್ಲಿ ಹೀಗೆ ಕೊಡಿ: ‘… ಠಾಣೆ ಅಪರಾಧ ಸಂಖ್ಯೆ …/2019, ಕಲಂ 323, 504, 506 ಸಹವಾಚಕ 34 ಐಪಿಸಿ. ನಾನು 4ನೇ ಆರೋಪಿ. … ಜೆಎಂಎಫ್‌ಸಿ ನ್ಯಾಯಾಲಯ, ಸಿ.ಸಿ. ಸಂಖ್ಯೆ …. ದಿನಾಂಕ … ರಂದು ಖುಲಾಸೆ. ತೀರ್ಪಿನ ದೃಢೀಕೃತ ನಕಲು ಲಗತ್ತು.’ ಇಷ್ಟೇ. ಎದುರು ಪಕ್ಷದವರು ಎಂಥವರು, ನೀವು ಎಷ್ಟು ಒಳ್ಳೆಯವರು ಎಂಬ ಕಥೆ ಬೇಡ.

ಈ ವಿಷಯದಲ್ಲಿ ಗೊತ್ತಿರಬೇಕಾದ ತೀರ್ಪು ಅವತಾರ್ ಸಿಂಗ್ ಪ್ರಕರಣದ್ದು. 2016ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಪ್ರಾಧಿಕಾರ ಅದನ್ನು ಮನ್ನಿಸಬಹುದು. ಗಂಭೀರ ಪ್ರಕರಣ ಮುಚ್ಚಿಟ್ಟಿದ್ದರೆ ನೇಮಕ ರದ್ದು ಮಾಡಬಹುದು, ಸೇವೆಯಿಂದ ತೆಗೆಯಬಹುದು. ಹಲವು ಕೇಸುಗಳು ನಡೆಯುತ್ತಿರುವುದನ್ನು ಬಚ್ಚಿಟ್ಟರೆ ಅದೇ ಒಂದು ತೂಕದ ಕಾರಣ. ಇನ್ನೊಂದು ಮುಖವೂ ಇದೆ: ಎಲ್ಲವನ್ನೂ ನಿಜವಾಗಿ ಬರೆದಿದ್ದರೂ ಪೂರ್ವಾಪರ ತೂಗಿ ನೋಡುವ ಅಧಿಕಾರ ಪ್ರಾಧಿಕಾರಕ್ಕೆ ಇದ್ದೇ ಇರುತ್ತದೆ, ನೇಮಕ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ. ಸಾಕ್ಷಿಗಳು ಉಲ್ಟಾ ಹೊಡೆದು ಖುಲಾಸೆಯಾದದ್ದಕ್ಕೂ ಆರೋಪವೇ ಸುಳ್ಳೆಂದು ಖುಲಾಸೆಯಾದದ್ದಕ್ಕೂ ತೂಕ ಬೇರೆ. ಆದ್ದರಿಂದ ತೀರ್ಪಿನ ಕೊನೆಯ ಪುಟ ಮಾತ್ರವಲ್ಲ, ಪೂರ್ತಿ ನಕಲು ಕೊಡಿ.

ನಮೂನೆ ಕೊಟ್ಟ ಮೇಲೆ ಕೇಸಾದರೆ ಅದನ್ನೂ ಕೂಡಲೇ ಲಿಖಿತವಾಗಿ ತಿಳಿಸಬೇಕು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಹದಿನೆಂಟು ತುಂಬುವ ಮೊದಲಿನ ಪ್ರಕರಣ ಬಾಲನ್ಯಾಯ ಮಂಡಳಿಯಲ್ಲಿ ಮುಗಿದಿದ್ದರೆ ಅದರಿಂದ ಅನರ್ಹತೆ ಬರಕೂಡದೆಂದು 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ರಕ್ಷಣೆ ಕೊಡುತ್ತದೆ. ಇಂಥವರು ನಮೂನೆ ತುಂಬುವ ಮೊದಲು ವಕೀಲರನ್ನು ಕೇಳುವುದು ಒಳ್ಳೆಯದು.

ಸಿಂಧುತ್ವ

ತಹಶೀಲ್ದಾರ್ ಕೊಟ್ಟ ಜಾತಿ ಪ್ರಮಾಣಪತ್ರವೇ ಬೇರೆ, ಸಿಂಧುತ್ವ ಪ್ರಮಾಣಪತ್ರವೇ ಬೇರೆ. 1990ರ ಮೀಸಲಾತಿ ಕಾಯ್ದೆ ಮತ್ತು 1992ರ ನಿಯಮಗಳ ಪ್ರಕಾರ, ಮೀಸಲಾತಿಯಡಿ ಆಯ್ಕೆಯಾದವರ ಜಾತಿ ಪ್ರಮಾಣಪತ್ರ ಸರಿಯೇ ಎಂದು ಜಿಲ್ಲಾ ಪರಿಶೀಲನಾ ಸಮಿತಿ ನೋಡಿ ಹೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರ ಕಡತ ಸಮಾಜ ಕಲ್ಯಾಣ ಇಲಾಖೆಯ ಕಡೆಯಿಂದ, ಹಿಂದುಳಿದ ವರ್ಗದವರದು ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಯ ಕಡೆಯಿಂದ ಸಾಗುತ್ತದೆ. ಪ್ರವರ್ಗ 1ಕ್ಕೆ ಜಾತಿ ಮಾತ್ರ. 2ಎ, 2ಬಿ, 3ಎ, 3ಬಿಗೆ ಜಾತಿಯ ಜತೆ ಆದಾಯವನ್ನೂ ನೋಡುತ್ತಾರೆ. ಕೆನೆಪದರದ, ಅಂದರೆ ಮೀಸಲಾತಿ ಸಿಗದಷ್ಟು ಆದಾಯದ, ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ.

ಮೊದಲು ಪ್ರಮಾಣಪತ್ರದ ನಮೂನೆ ಸರಿಯಿದೆಯೇ ನೋಡಿ: ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎಯಿಂದ 3ಬಿವರೆಗೆ ನಮೂನೆ ಎಫ್. ಎಫ್ ಐದು ವರ್ಷ ಮಾತ್ರ ಚಾಲ್ತಿ. ಅರ್ಜಿ ಸಲ್ಲಿಸಲು ನಿಗದಿಯಾದ ಕೊನೆಯ ದಿನ ಅದು ಚಾಲ್ತಿಯಲ್ಲಿರಬೇಕು. ದಾಖಲೆ ಪರಿಶೀಲನೆಗೆ ಕರೆದಾಗ ಹೊಸದಾಗಿ ಮಾಡಿಸಿಕೊಂಡು ಹೋದರೆ ಒಪ್ಪುವುದಿಲ್ಲ. ಮೀಸಲಾತಿ ಕೈತಪ್ಪಿ ಸಾಮಾನ್ಯ ವರ್ಗಕ್ಕೆ ಬೀಳುವವರಲ್ಲಿ ಈ ದಿನಾಂಕದ ತಪ್ಪು ಮಾಡಿದವರೇ ಬಹಳ. ಮದುವೆಯಾದ ಹೆಣ್ಣುಮಕ್ಕಳಿಗೆ ಜಾತಿ ತಂದೆಯ ಕಡೆಯದು. ಗಂಡನ ಹೆಸರಿನಲ್ಲಿ ಮಾಡಿಸಿದ ಜಾತಿ ಪ್ರಮಾಣಪತ್ರ ಸಮಿತಿಯ ಮುಂದೆ ನಿಲ್ಲುವುದಿಲ್ಲ.

ಸಮಿತಿಗೆ ಬೇಕಾದದ್ದು ಹಳೆಯ ದಾಖಲೆ. ನಿಮ್ಮ ಶಾಲೆಯ ದಾಖಲಾತಿ ಪುಸ್ತಕದ ಉತಾರ, ತಂದೆಯದು, ಸಿಕ್ಕರೆ ಅಜ್ಜನದು ಅಥವಾ ದೊಡ್ಡಪ್ಪ ಚಿಕ್ಕಪ್ಪಂದಿರದು, ವಂಶವೃಕ್ಷ, ಒಡಹುಟ್ಟಿದವರಿಗೆ ಈಗಾಗಲೇ ಸಿಂಧುತ್ವ ಸಿಕ್ಕಿದ್ದರೆ ಅದರ ನಕಲು. ಕೊನೆಯದು ಇದ್ದರೆ ಕೆಲಸ ಅರ್ಧ ಹಗುರ. ತಂದೆ ಶಾಲೆಗೇ ಹೋಗಿಲ್ಲವೆಂದರೆ ತಂದೆಯ ಒಡಹುಟ್ಟಿದವರ ದಾಖಲೆ, ಹಳೆಯ ಜಮೀನಿನ ಪತ್ರ ಹುಡುಕಬೇಕಾಗುತ್ತದೆ.

ಇಲ್ಲಿ ಕಡತ ಕಟ್ಟಿಹಾಕುವುದು ಉಪಜಾತಿ. ಶಾಲೆಯಲ್ಲಿ ಮೇಷ್ಟ್ರು ಬರೀ ‘ಹಿಂದೂ ಲಿಂಗಾಯತ’ ಎಂದು ಬರೆದಿರುತ್ತಾರೆ, ಅಭ್ಯರ್ಥಿ ಗಾಣಿಗನೆಂದು 2ಎ ಕೇಳಿರುತ್ತಾನೆ. ಬರೀ ಲಿಂಗಾಯತ ಎಂದರೆ 3ಬಿ. ಆಗ ತಹಶೀಲ್ದಾರರ ಸ್ಥಳ ಪರಿಶೀಲನೆ, ಪಂಚನಾಮೆ, ಸಂಬಂಧಿಕರ ದಾಖಲೆ ಎಲ್ಲ ಬೇಕಾಗುತ್ತದೆ. ಪರಿಶಿಷ್ಟ ಪಟ್ಟಿಯಲ್ಲಿರುವ ಹೆಸರಿಗೆ ಹತ್ತಿರದ ಹೆಸರುಗಳಿದ್ದಲ್ಲಿ, ಬೇಡ ಜಂಗಮ ಮತ್ತು ಜಂಗಮ, ಕಾಡು ಕುರುಬ ಮತ್ತು ಕುರುಬ ಇದ್ದಂತೆ, ಪರಿಶೀಲನೆ ಇನ್ನೂ ಬಿಗಿ. ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಪರಿವಾರ, ತಳವಾರ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಿ. ಅದಕ್ಕಿಂತ ಹಿಂದೆ ಬೇರೆ ಪ್ರವರ್ಗದಲ್ಲಿ ಪ್ರಮಾಣಪತ್ರ ಪಡೆದ ಕುಟುಂಬಗಳು ಎರಡೂ ಕಾಲದ ದಾಖಲೆ ಜೋಡಿಸಿ ಕೊಡಬೇಕು. ಅನುಮಾನ ಬಂದ ಕಡತ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ವಿಚಾರಣೆಗೆ ಹೋಗಬಹುದು. ಸುಳ್ಳೆಂದು ಸಾಬೀತಾದರೆ ನೌಕರಿಯ ಜತೆಗೆ ಕ್ರಿಮಿನಲ್ ಕೇಸೂ ಉಂಟು. ನಿರಾಕರಣೆಯಾದರೆ ಮೇಲ್ಮನವಿಗೆ ಕಾಯ್ದೆಯಲ್ಲೇ ದಾರಿಯಿದೆ, ಗಡುವು ಚಿಕ್ಕದು. ಆದೇಶ ಕೈಸೇರಿದ ದಿನಾಂಕ ಬರೆದಿಟ್ಟುಕೊಳ್ಳಿ.

ಉಳಿದ ಮೀಸಲಾತಿ ಪತ್ರಗಳಲ್ಲಿ ಗ್ರಾಮೀಣಕ್ಕೆ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು, ಮುಖ್ಯ ಶಿಕ್ಷಕರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಇರಬೇಕು. ಒಂದು ವರ್ಷ ಪಟ್ಟಣದ ಶಾಲೆಯಲ್ಲಿದ್ದರೂ ಆಗದು. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷದ ಲೆಕ್ಕ. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಪತ್ರ ತನ್ನಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರ 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕೊಡುತ್ತಾರೆ. ತಹಶೀಲ್ದಾರರ ವಾಸಸ್ಥಳ ಪತ್ರ ಅದರ ಬದಲಿಗೆ ನಡೆಯುವುದಿಲ್ಲ.

ಮೆಡಿಕಲ್, ಅಂಕಪಟ್ಟಿ

ವೈದ್ಯಕೀಯ ಪರೀಕ್ಷೆಗೆ ಇಲಾಖೆಯ ಪತ್ರ ಇಲ್ಲದೆ ಆಸ್ಪತ್ರೆಗೆ ಹೋಗಿ ಪ್ರಯೋಜನವಿಲ್ಲ. ಯಾವ ಆಸ್ಪತ್ರೆ, ಯಾರ ಮುಂದೆ ಎಂಬುದು ಅದರಲ್ಲೇ ಇರುತ್ತದೆ. ಕನ್ನಡಕ ಹಾಕುವವರು ಕನ್ನಡಕವನ್ನೂ ಪವರ್ ಚೀಟಿಯನ್ನೂ ಒಯ್ಯಿರಿ. ಬಿಪಿ, ಸಕ್ಕರೆ ಇದ್ದರೆ ಮಾತ್ರೆ ನಿಲ್ಲಿಸಿ ಹೋಗುವ ಜಾಣತನ ಬೇಡ. ಆ ದಿನವೇ ಬಿಪಿ ಏರಿರುತ್ತದೆ. ಮೈಮೇಲಿನ ಗುರುತಿನ ಚಿಹ್ನೆ ಎರಡು ಕೇಳುತ್ತಾರೆ, ಎಲ್ಲ ನಮೂನೆಯಲ್ಲೂ ಅವೇ ಎರಡನ್ನು ಬರೆಯಿರಿ. ‘ತಾತ್ಕಾಲಿಕವಾಗಿ ಅನರ್ಹ’ ಎಂದು ಬಂದರೆ ಎದೆಗುಂದಬೇಕಿಲ್ಲ, ಚಿಕಿತ್ಸೆ ಪಡೆದು ಮರುಪರೀಕ್ಷೆ ಕೇಳಬಹುದು. ವರದಿ ಮೊಹರಾದ ಲಕೋಟೆಯಲ್ಲಿ ಕೈಗೆ ಕೊಟ್ಟರೆ ಒಡೆಯಬೇಡಿ.

ಅಂಕಪಟ್ಟಿಗಳ ನೈಜತೆಯನ್ನು ಇಲಾಖೆಯೇ ಮಂಡಳಿಗೂ ವಿಶ್ವವಿದ್ಯಾಲಯಕ್ಕೂ ಬರೆದು ತರಿಸಿಕೊಳ್ಳುತ್ತದೆ. ನಿಮ್ಮ ಪಾಲಿನ ಕೆಲಸ ಕಡಿಮೆ: ರಿಜಿಸ್ಟರ್ ಸಂಖ್ಯೆ ಕಾಣುವಂಥ ಜೆರಾಕ್ಸ್ ಕೊಡುವುದು, ವಿಶ್ವವಿದ್ಯಾಲಯ ಶುಲ್ಕ ಕೇಳಿದರೆ ತುಂಬಿ ಚಲನ್ ಒಪ್ಪಿಸುವುದು. ಹೊರರಾಜ್ಯದ ದೂರಶಿಕ್ಷಣ ಪದವಿಯಾದರೆ ನೀವು ಸೇರಿದ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇತ್ತೆಂಬ ಪತ್ರವನ್ನು ಮೊದಲೇ ಹುಡುಕಿಡಿ.

ಈಗಾಗಲೇ ಸರ್ಕಾರಿ ಕೆಲಸದಲ್ಲಿರುವವರು, ಕೇಂದ್ರಕ್ಕೆ ಹೋಗುವವರು

ಒಂದು ಇಲಾಖೆಯಲ್ಲಿದ್ದು ಇನ್ನೊಂದಕ್ಕೆ ಆಯ್ಕೆಯಾದವರು ನಿರಾಕ್ಷೇಪಣಾ ಪತ್ರವನ್ನು ಅರ್ಜಿಯ ಹಂತದಲ್ಲೇ ಪಡೆದಿರಬೇಕು. ಸುಮ್ಮನೆ ರಾಜೀನಾಮೆ ಬರೆದುಕೊಟ್ಟು ಹೋದರೆ ಹಿಂದಿನ ಸೇವೆ ಲೆಕ್ಕಕ್ಕೆ ಬರದೇ ಹೋದೀತು. ‘ಅನುಮತಿ ಪಡೆದು ಬೇರೆ ಸರ್ಕಾರಿ ಹುದ್ದೆಗೆ ಸೇರುವ ಸಲುವಾಗಿ’ ಎಂಬ ಮಾತು ರಾಜೀನಾಮೆಯಲ್ಲೂ ಬಿಡುಗಡೆ ಆದೇಶದಲ್ಲೂ ಇರಲಿ. ಹಳೆಯ ಕಚೇರಿಯಲ್ಲಿ ಇಲಾಖಾ ವಿಚಾರಣೆ ನಡೆಯುತ್ತಿದ್ದರೆ ಅದನ್ನೂ ಹೇಳಬೇಕು.

ರೈಲ್ವೆ, ಎಸ್‌ಎಸ್‌ಸಿಯಂಥ ಕೇಂದ್ರದ ನೌಕರಿಗೆ ರಾಜ್ಯದ ನಮೂನೆ ಎಫ್ ನಡೆಯುವುದಿಲ್ಲ. ಕೇಂದ್ರದ ಒಬಿಸಿ ನಮೂನೆಯೇ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದೂ ನೋಡಿ, ಎರಡು ಪಟ್ಟಿ ಒಂದೇ ಅಲ್ಲ. ಆರ್ಥಿಕವಾಗಿ ಹಿಂದುಳಿದವರ (ಇಡಬ್ಲ್ಯೂಎಸ್) ಪತ್ರಕ್ಕೆ ಆರ್ಥಿಕ ವರ್ಷದ ಲೆಕ್ಕವಿದೆ. ಕೇಂದ್ರದಲ್ಲಿ ಪೊಲೀಸ್ ವರದಿ ಬರುವ ಮೊದಲೇ ಸ್ವಯಂಘೋಷಣೆ ಪಡೆದು ತಾತ್ಕಾಲಿಕ ನೇಮಕ ಕೊಡುವುದುಂಟು. ಕೆಲಸಕ್ಕೆ ಹಾಜರಾದೆವೆಂದು ಕೇಸಿನ ವಿಷಯ ಮರೆತವರನ್ನು ಆಮೇಲೆ ಬಂದ ವರದಿ ಮನೆಗೆ ಕಳಿಸಿದೆ.

ಆದೇಶ ಬಂದ ಮೇಲೆ

ಹಾಜರಾಗಲು ಸಾಮಾನ್ಯವಾಗಿ 15 ದಿನ ಕೊಡುತ್ತಾರೆ. ಆಗದಿದ್ದರೆ ಅವಧಿ ಮುಗಿಯುವ ಮೊದಲೇ ಲಿಖಿತವಾಗಿ ಕಾಲಾವಕಾಶ ಕೇಳಬೇಕು. ಹಾಜರಾದ ದಿನ ಆಸ್ತಿ ಋಣ ಪಟ್ಟಿ, ವರದಕ್ಷಿಣೆ ಪಡೆದಿಲ್ಲವೆಂಬ ಘೋಷಣೆ, ಒಬ್ಬರಿಗಿಂತ ಹೆಚ್ಚು ಜೀವಂತ ಸಂಗಾತಿ ಇಲ್ಲವೆಂಬ ಘೋಷಣೆ ಇತ್ಯಾದಿ ಕೇಳುತ್ತಾರೆ. ಇವೂ ಹೇಳಿಕೆಗಳೇ, ಓದದೆ ಸಹಿ ಹಾಕಬೇಡಿ.

ಸೇವಾ ಪುಸ್ತಕ ತೆರೆದಾಗ ಮೊದಲ ಪುಟವನ್ನು ಕೇಳಿ ನೋಡಿ: ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ. ಗುಮಾಸ್ತರು 6ನ್ನು 8 ಮಾಡಿದ್ದರೆ ಅಲ್ಲೇ ತಿದ್ದಿಸಿ ಮೇಲಧಿಕಾರಿಯ ಸಹಿ ಹಾಕಿಸಿ. ವಯಸ್ಸು ನಿರ್ಧಾರದ 1974ರ ರಾಜ್ಯ ಕಾಯ್ದೆಯ ಪ್ರಕಾರ ಸೇವಾ ಪುಸ್ತಕದಲ್ಲಿ ಒಮ್ಮೆ ದಾಖಲಾದ ಜನ್ಮ ದಿನಾಂಕವನ್ನು ಬದಲಿಸಲು ಮೂರು ವರ್ಷ ಮಾತ್ರ ಅವಕಾಶ. ನಿವೃತ್ತಿಯ ಹೊತ್ತಿಗೆ ತಪ್ಪು ಕಂಡುಬಂದರೆ ಯಾವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿದರೂ ಅದನ್ನು ತಿದ್ದಿಸುವುದು ಕಷ್ಟ.